ಎಲೆ ಉದುರುವ ಸಾವು, ಒಡೆದು ಚೆಲ್ಲುವ ಸಾವು

ಫಾಲ್ಗುಣ ಮಾಸದಲ್ಲಿ ದೇವಣಿಯ ಹೊಲಗಳ ಬದುವಿನ ಬೇವು ಎಲೆ ಉದುರಿಸುತ್ತದೆ. ಎಲೆ ಕಳಚಿತೆಂದು ಮರ ಸಾಯುವುದಿಲ್ಲ. ಯುಗಾದಿಯ ಹೊತ್ತಿಗೆ ಹೊಸ ಚಿಗುರು ಹೊತ್ತು ನಿಲ್ಲುತ್ತದೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಜೀವಕೋಶಗಳ ಒಂದು ಬಗೆಯ ಸಾವಿಗೆ ಹೆಸರಿಡುವಾಗ, ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವನ್ನೇ ಆರಿಸಿಕೊಂಡರು: ಅಪೊಪ್ಟೋಸಿಸ್.

ಇಲ್ಲಿ ಶೇತತಳೆ ಎನಿಸಿಕೊಳ್ಳುವ ಕೃಷಿಹೊಂಡದ ಮೀನಿನ ದೇಹದಲ್ಲಿಯೂ ಇಂಥ ಸಾವು ನಡೆಯುತ್ತದೆ. ವೈರಸ್ ತಾನಾಗಿ ಬೆಳೆಯಲಾರದು. ಜೀವಕೋಶದೊಳಗೆ ನುಗ್ಗಿ, ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಕೊಳ್ಳಬೇಕು. ಈ ಅತಿಕ್ರಮಣವನ್ನು ಅರಿತ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳಲು ತೊಡಗುತ್ತದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಳಗಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ; ಡಿಎನ್‌ಎ ತುಂಡಾಗುತ್ತದೆ; ಕೋಶವು ಕುಗ್ಗಿ, ಪೊರೆ ಸುತ್ತಿದ ಪುಟ್ಟ ಗಂಟುಗಳಾಗುತ್ತದೆ. ಭಕ್ಷಕ ಕೋಶಗಳು ಅವನ್ನು ನುಂಗಿಬಿಡುತ್ತವೆ. ಮನೆಯೇ ಇಲ್ಲವಾದ ಮೇಲೆ ವೈರಸ್ಸಿಗೆ ಬೆಳೆಯಲು ಎಡೆಯಿಲ್ಲ.

ಆದರೆ ವೈರಸ್ಸೂ ಹೊಂಚು ಬಲ್ಲದು. ಸಮುದ್ರದ ಗ್ರೂಪರ್ ಮೀನಿಗೆ ತಗಲುವ ಇರಿಡೋವೈರಸ್, ಈ ಸಾವನ್ನು ತಡೆಹಿಡಿಯುವ ಜೀನನ್ನು ತನ್ನೊಡನೆ ತರುತ್ತದೆ. ಪ್ರತಿಗಳು ಸಿದ್ಧವಾಗುವವರೆಗೆ ಕೋಶ ಬದುಕಿರುವುದು ಅದಕ್ಕೆ ಲಾಭ. ಕಡೆಗೆ ಕೋಶವು ಊದಿಕೊಂಡು ಒಡೆದರೆ ಅದು ನೆಕ್ರೋಸಿಸ್. ಆಗ ಒಳಗಿನದೆಲ್ಲ ಚೆಲ್ಲಿ ಉರಿಯೂತ ಹುಟ್ಟುತ್ತದೆ. ವೈರಸ್ ನೆರೆಯ ಕೋಶಗಳಿಗೆ ಹರಡುತ್ತದೆ. ಮೊದಲನೆಯ ಸಾವೂ ಮಿತಿಮೀರಿದರೆ ಅಂಗವೇ ಕೆಡುತ್ತದೆ. ಮಿದುಳಿನಲ್ಲಿ, ಯಕೃತ್ತಿನಲ್ಲಿ ಕೋಶಗಳು ರಾಶಿರಾಶಿಯಾಗಿ ಅಳಿದರೆ ಮೀನು ಉಳಿಯದು.

ಇದು ದೂರದ ಮಾತಲ್ಲ. 2014ರಲ್ಲಿ ಇಸ್ರೇಲಿನಲ್ಲಿ ಗುರುತಿಸಲಾದ ತಿಲಾಪಿಯಾ ಲೇಕ್ ವೈರಸ್ ಭಾರತದಲ್ಲಿಯೂ ಇರುವುದು 2018ರಲ್ಲಿ ವರದಿಯಾಯಿತು. ಅದು ಮೀನಿನ ಯಕೃತ್ತಿನ ಕೋಶಗಳನ್ನು ನಾಶಮಾಡುತ್ತದೆ. ಮನುಷ್ಯರಿಗೆ ಅದು ತಗಲುವುದಿಲ್ಲ. ಆದರೆ ರೋಗ ಬಂದ ಮೀನಿಗೆ ಔಷಧವೂ ಇಲ್ಲ. ಹೊಂಡದ ಮೀನನ್ನು ನಂಬಿ ಶಾಲೆಯ ಖರ್ಚು ಲೆಕ್ಕಹಾಕಿದ ಮನೆಗೆ ಇದು ಸಣ್ಣ ನಷ್ಟವಲ್ಲ.

ಆದುದರಿಂದ ಜೀವಕೋಶವು ಮಾಡುವುದನ್ನೇ ಸಾಕಣೆದಾರನೂ ಮಾಡಬೇಕು: ರೋಗವು ನೆರೆಗೆ ಹರಡುವ ಮೊದಲೇ ಅದನ್ನು ಕಟ್ಟಿಹಾಕಬೇಕು. ಮೀನುಮರಿಗಳನ್ನು ನಂಬಿಕೆಯ ಕೇಂದ್ರದಿಂದ ತರಬೇಕು. ಒಂದು ಹೊಂಡದ ಬಲೆಯನ್ನು ತೊಳೆದು ಒಣಗಿಸದೆ ಇನ್ನೊಂದಕ್ಕೆ ಇಳಿಸಬಾರದು. ಸತ್ತ ಮೀನನ್ನು ಹಳ್ಳಕ್ಕೆ ಎಸೆಯದೆ, ನೀರಿನಿಂದ ದೂರದಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಒಮ್ಮೆಲೇ ಹಲವು ಮೀನುಗಳು ತೇಲತೊಡಗಿದರೆ, ಮರೆಮಾಚದೆ ಮೀನುಗಾರಿಕಾ ಇಲಾಖೆಗೆ ತಿಳಿಸಬೇಕು.