ಮಾಲ್ಟಾ: ನೋಡುಗರಾಗಿಯೋ, ಅತಿಥಿಗಳಾಗಿಯೋ?

ಸಂತ ಪೌಲರು ಮಾಲ್ಟಾ ದ್ವೀಪಕ್ಕೆ ಬಂದದ್ದು ಸೆರೆಯಾಳಾಗಿ. ವಿಚಾರಣೆಗಾಗಿ ಅವರನ್ನು ರೋಮ್ ನಗರಕ್ಕೆ ಕೊಂಡೊಯ್ಯುತ್ತಿದ್ದ ಹಡಗು ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿ, ಕೊನೆಗೆ ಒಡೆದುಹೋಯಿತು. ಅದರಲ್ಲಿದ್ದ 276 ಮಂದಿ ಈಜಿಯೋ, ಹಲಗೆಗಳನ್ನು ಹಿಡಿದೋ ದಡ ಸೇರಿದರು. ಮಳೆ, ಚಳಿ, ಅಪರಿಚಿತ ನೆಲ. ಆಗ ದ್ವೀಪವಾಸಿಗಳು ಮೊದಲು ಮಾಡಿದ ಕೆಲಸವೆಂದರೆ, ಇವರು ಯಾರು, ಎಲ್ಲಿಯವರು ಎಂದು ಕೇಳದೆ ಬೆಂಕಿ ಹಾಕಿ ಕಾಯಿಸಿಕೊಳ್ಳಲು ಕರೆದದ್ದು. ಪ್ರೇಷಿತರ ಕಾರ್ಯಕಲಾಪಗಳ 27 ಮತ್ತು 28ನೆಯ ಅಧ್ಯಾಯಗಳಲ್ಲಿ ಈ ವೃತ್ತಾಂತವನ್ನು ನಾವೆಲ್ಲರೂ ಓದಿದ್ದೇವೆ.

ಇಂದು ಅದೇ ದ್ವೀಪಕ್ಕೆ ಜನ ಲಕ್ಷಗಟ್ಟಲೆಯಲ್ಲಿ ಹೋಗುತ್ತಾರೆ. ಕೇವಲ 316 ಚದರ ಕಿಲೋಮೀಟರ್ ವಿಸ್ತಾರದ, ಸುಮಾರು ಐದೂವರೆ ಲಕ್ಷ ಜನರಿರುವ ಈ ಪುಟ್ಟ ದೇಶಕ್ಕೆ 2024ರಲ್ಲಿ ಬಂದ ಪ್ರವಾಸಿಗರು 35 ಲಕ್ಷಕ್ಕೂ ಹೆಚ್ಚು. ರೋಮ್, ಲೂರ್ದ್ ಯಾತ್ರೆ ಮಾಡಿ ಬರುವ ನಮ್ಮ ಕುಟುಂಬಗಳಿಗೂ ಮಾಲ್ಟಾದ ಹೆಸರು ಈಗ ಅಪರಿಚಿತವಲ್ಲ. ಹೋಗಬೇಕೇ ಎಂಬುದು ನನ್ನ ಪ್ರಶ್ನೆಯಲ್ಲ. ಅನುಕೂಲವಿದ್ದವರು ಅವಶ್ಯವಾಗಿ ಹೋಗಿಬರಲಿ. ಆದರೆ ಹಿಂದೆ ಅತಿಥಿಗಳನ್ನು ಬರಮಾಡಿಕೊಂಡ ಆ ನೆಲಕ್ಕೆ ನಾವು ಅತಿಥಿಗಳಾಗಿ ಹೋಗುತ್ತೇವೆಯೋ, ಹಣ ತೆತ್ತ ಗಿರಾಕಿಗಳಾಗಿ ಹೋಗುತ್ತೇವೆಯೋ ಎಂಬುದೇ ವಿಚಾರ ಮಾಡಬೇಕಾದ ಸಂಗತಿ.

ರಾಜಧಾನಿ ವಲೆಟ್ಟಾವನ್ನೇ ನೋಡೋಣ. 1565ರ ತುರ್ಕರ ಮಹಾಮುತ್ತಿಗೆಯನ್ನು ಎದುರಿಸಿ ಉಳಿದ ಸಂತ ಯೊವಾನ್ನರ ಸಂಸ್ಥೆಯ ನೈಟ್‌ಗಳು, ಎಂದರೆ ವ್ರತಧಾರಿ ಯೋಧರು, ಮರುವರ್ಷವೇ ಅಡಿಗಲ್ಲಿಟ್ಟು ಕಟ್ಟಿದ ನಗರ ಅದು. 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಸಂತ ಯೊವಾನ್ನರ ಸಹ-ಪ್ರಧಾನಾಲಯದ ನೆಲವೆಲ್ಲ ನೈಟ್‌ಗಳ ಸಮಾಧಿಗಳ ಬಣ್ಣಬಣ್ಣದ ಅಮೃತಶಿಲೆಯ ಹಾಸುಗಳಿಂದ ತುಂಬಿದೆ. ಅವು ಹಾಳಾಗಬಾರದೆಂದು ಚೂಪು ಹಿಮ್ಮಡಿಯ ಪಾದರಕ್ಷೆಗಳನ್ನು ನಿಷೇಧಿಸಿದ್ದಾರೆ. ಒಳಗಿನ ಪ್ರಾರ್ಥನಾಲಯದಲ್ಲಿ ಕಾರವಾಜ್ಜೋ 1608ರಲ್ಲಿ ಚಿತ್ರಿಸಿದ ಸ್ನಾನಿಕ ಯೊವಾನ್ನರ ಶಿರಚ್ಛೇದದ ಚಿತ್ರವಿದೆ. ಹುತಾತ್ಮರ ಕೊರಳಿನಿಂದ ಹರಿದ ರಕ್ತದಲ್ಲಿಯೇ ಚಿತ್ರಕಾರನು ತನ್ನ ಹೆಸರನ್ನು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಅದೊಂದೇ. ಅದೇ ವರ್ಷ ನೈಟ್ ಪದವಿ ಪಡೆದ ಅವನು ಅದೇ ವರ್ಷ ಸೆರೆಮನೆ ಸೇರಿ, ತಪ್ಪಿಸಿಕೊಂಡು ಓಡಿಹೋದನು. ಸಂಸ್ಥೆಯಿಂದ ಅವನನ್ನು ಉಚ್ಚಾಟಿಸಿದ ಸಭೆಯೂ ಈ ಚಿತ್ರವಿದ್ದ ಸ್ಥಳದಲ್ಲಿಯೇ ನಡೆಯಿತು. ಪಾಪಿಯ ಕೈಯಿಂದಲೂ ದೇವರು ಎಂತಹ ಕಾರ್ಯ ಮಾಡಿಸಬಲ್ಲರು ಎಂಬುದಕ್ಕೆ ಬೇರೆ ಪ್ರಸಂಗ ಬೇಕಿಲ್ಲ.

ಈ ದೇವಾಲಯವನ್ನು ನೋಡಲು ಪ್ರವೇಶ ಶುಲ್ಕವಿದೆ. 'ದೇವರ ಮನೆಗೂ ಟಿಕೆಟ್ಟೇ?' ಎಂದು ನಮ್ಮವರು ಬೇಸರಪಡುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಆ ಬೇಸರ ಪೂರ್ತಿ ನ್ಯಾಯವಲ್ಲ. ನಾಲ್ಕು ಶತಮಾನ ದಾಟಿದ ಕಟ್ಟಡವನ್ನೂ ಅದರ ಕಲಾಕೃತಿಗಳನ್ನೂ ಕಾಪಾಡಲು ಹಣ ಬೇಕು. ಬಲಿಪೂಜೆಗೆ ಬರುವವರಿಂದ ಅಲ್ಲಿ ಯಾರೂ ಶುಲ್ಕ ಕೇಳುವುದಿಲ್ಲ. ಹಾಗಾದರೆ ನಾವು ಯಾವ ಬಾಗಿಲಿನಿಂದ ಒಳಹೋಗುತ್ತೇವೆ ಎಂಬುದನ್ನು ನಾವೇ ನಿರ್ಧರಿಸಿಕೊಳ್ಳಬೇಕಷ್ಟೆ. ಮೂರು ದಿನದ ಪ್ರವಾಸದಲ್ಲಿ ಹತ್ತು ದೇವಾಲಯಗಳನ್ನು ನೋಡಿ, ಒಂದರಲ್ಲಿಯೂ ಮೊಣಕಾಲೂರದೆ ಹಿಂದಿರುಗಿದ ಕುಟುಂಬವು ಏನನ್ನು ನೋಡಿದಂತಾಯಿತು?

ಮೋಸ್ತಾ ಎಂಬ ಊರಿನ ದೇವಾಲಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮಾಲ್ಟಾದ ಮೇಲೆ ಬಾಂಬುಗಳ ಸುರಿಮಳೆಯಾಗುತ್ತಿದ್ದಾಗ, 1942ರ ಏಪ್ರಿಲ್ 9ರಂದು, ಸುಮಾರು 300 ಭಕ್ತರು ಪ್ರಾರ್ಥನೆಗೆ ನೆರೆದಿದ್ದ ಹೊತ್ತಿನಲ್ಲಿ ಬಾಂಬೊಂದು ದೊಡ್ಡ ಗುಮ್ಮಟವನ್ನು ತೂರಿ ಒಳಗೆ ಬಿತ್ತು. ಅದು ಸಿಡಿಯಲಿಲ್ಲ, ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ. ಅಂಥದ್ದೇ ಒಂದು ಬಾಂಬಿನ ಮಾದರಿಯನ್ನು ಈಗ ಅಲ್ಲಿ ಇರಿಸಿದ್ದಾರೆ. ಅದರ ಮುಂದೆ ಚಿತ್ರ ತೆಗೆಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಬಾಂಬನ್ನು ನೋಡಿ, ಪೀಠದ ಕಡೆ ತಿರುಗಿಯೂ ನೋಡದೆ ಬಸ್ಸಿಗೆ ಓಡುವುದಾದರೆ, ಆ ಮುನ್ನೂರು ಮಂದಿ ಅಂದು ಏಕೆ ಅಲ್ಲಿ ನೆರೆದಿದ್ದರು ಎಂಬುದನ್ನೇ ಮರೆತಂತಾಗುತ್ತದೆ.

ಹಳೆಯ ರಾಜಧಾನಿ ಮ್ದೀನಾ ಮತ್ತೊಂದು ಪಾಠ. ಕೋಟೆಯೊಳಗಿನ ಈ ಊರಿನಲ್ಲಿ ಈಗ ವಾಸಿಸುವವರು ಮುನ್ನೂರಕ್ಕಿಂತ ಕಡಿಮೆ. ಅದಕ್ಕೆ 'ಮೌನ ನಗರ' ಎಂಬ ಹೆಸರೇ ಬಿದ್ದಿದೆ. ಪೌಲರನ್ನು ಸತ್ಕರಿಸಿದ ಪುಬ್ಲಿಯನ ಮನೆಯಿದ್ದ ಸ್ಥಳದಲ್ಲಿಯೇ ಅಲ್ಲಿನ ಪ್ರಧಾನಾಲಯ ನಿಂತಿದೆ ಎಂಬುದು ಪರಂಪರೆಯ ನಂಬಿಕೆ. ಹಿಂದಿನ ಕಟ್ಟಡ 1693ರ ಭೂಕಂಪದಲ್ಲಿ ಹಾನಿಗೊಂಡ ಮೇಲೆ ಈಗಿನದನ್ನು ಕಟ್ಟಿದರು. ಆ ಕಿರುದಾರಿಗಳಲ್ಲಿ ಗದ್ದಲವೆಬ್ಬಿಸುವವನು ಯಾರದೋ ಮನೆಯ ಬಾಗಿಲಲ್ಲಿ ಗದ್ದಲವೆಬ್ಬಿಸುತ್ತಿದ್ದಾನೆ.

ಆ ಜನರ ಭಾಷೆಯನ್ನೂ ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಮಾಲ್ಟೀ ಭಾಷೆ ಅರಬ್ಬಿಯಿಂದ ಹುಟ್ಟಿ, ಇಟಾಲಿಯನ್ ಪದಗಳನ್ನು ಧಾರಾಳವಾಗಿ ಸೇರಿಸಿಕೊಂಡು, ರೋಮನ್ ಲಿಪಿಯಲ್ಲಿ ಬರೆಯಲ್ಪಡುವ ಭಾಷೆ. ಆ ಕಥೋಲಿಕರು ದೇವರನ್ನು 'ಅಲ್ಲಾ' ಎಂದೇ ಕರೆಯುತ್ತಾರೆ. ತಪಸ್ಸುಕಾಲಕ್ಕೆ ಅವರ ಹೆಸರು 'ರಾಂದಾನ್'. ರಂಜಾನ್ ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ದೇವರ ಹೆಸರನ್ನು ಹಿಡಿದು ನೆರೆಹೊರೆಯವರು ಜಗಳವಾಡುವ ನಮ್ಮ ಕಾಲದಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಡುವುದು ಯಾವ ಕೋಟೆಯನ್ನು ತೋರಿಸುವುದಕ್ಕಿಂತಲೂ ಮೇಲಲ್ಲವೇ?

ಇನ್ನು ಕಡಲತೀರಗಳು. ಗೊಜೊ ದ್ವೀಪದ ರಮ್ಲಾದಲ್ಲಿ ಮರಳು ಕೆಂಬಣ್ಣದ್ದು. ಕೊಮಿನೊ ದ್ವೀಪದ ನೀಲಿ ಕೊಲ್ಲಿಯ ನೀರಿನ ತಿಳಿಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿ, ಕಸ ತುಂಬಿ, ಕೊನೆಗೆ 2025ರಲ್ಲಿ ಸರ್ಕಾರವು ಮುಂಚಿತವಾಗಿ ಹೆಸರು ನೋಂದಾಯಿಸಿಯೇ ಬರಬೇಕೆಂದು ನಿಯಮ ಮಾಡಬೇಕಾಯಿತು. ಗೊಜೊದ ಕಡಲಂಚಿನಲ್ಲಿ ಕಿಟಕಿಯಂತೆ ನಿಂತಿದ್ದ ಪ್ರಸಿದ್ಧ ಕಲ್ಲುಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು. ಸೃಷ್ಟಿಯ ಸೊಬಗು ನಮಗೆ ಒಪ್ಪಿಸಿದ ಒಡವೆ. ಅದು ಎಂದೆಂದಿಗೂ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಆ ಸಮುದ್ರಕ್ಕೆ ಇನ್ನೊಂದು ಮುಖವಿದೆ. ಆಫ್ರಿಕದ ಕಡೆಯಿಂದ ಯುದ್ಧಕ್ಕೂ ಹಸಿವಿಗೂ ಹೆದರಿ ಮುರುಕು ದೋಣಿಗಳಲ್ಲಿ ಹೊರಟವರು ಅದೇ ಅಲೆಗಳಲ್ಲಿ ಮುಳುಗಿದ್ದಾರೆ. ಬದುಕಿ ದಡ ಸೇರಿದವರೂ ಇದ್ದಾರೆ. 2022ರ ಏಪ್ರಿಲ್‌ನಲ್ಲಿ ಮಾಲ್ಟಾಕ್ಕೆ ಭೇಟಿಯಿತ್ತ ಜಗದ್ಗುರು ಫ್ರಾನ್ಸಿಸರು ರಬಾತ್‌ನ ಸಂತ ಪೌಲರ ಗುಹೆಯಲ್ಲಿ ಪ್ರಾರ್ಥಿಸಿದ ದಿನವೇ ಹಾಲ್ ಫಾರ್‌ನ ಕೇಂದ್ರದಲ್ಲಿ ಈ ವಲಸಿಗರನ್ನು ಕಂಡರು. ಒಂದನ್ನು ನೋಡಿ ಇನ್ನೊಂದನ್ನು ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ನಮ್ಮ ದೇಶದ ದಾದಿಯರು, ಹೋಟೆಲ್ ನೌಕರರು, ಬಸ್ ಚಾಲಕರು ಕೂಡ ಹೊಟ್ಟೆಪಾಡಿಗಾಗಿ ಆ ದ್ವೀಪದಲ್ಲಿ ದುಡಿಯುತ್ತಿದ್ದಾರೆ. ನಮಗೆ ಕಾಫಿ ತಂದಿಡುವ ಯುವಕನನ್ನು 'ಯಾವ ಊರಪ್ಪಾ?' ಎಂದು ಕೇಳುವಷ್ಟು ಸಮಯವಾದರೂ ನಮ್ಮ ಪ್ರವಾಸದಲ್ಲಿರಲಿ.

ಕೊನೆಯದಾಗಿ ಒಂದು ಮಾತು. ಪ್ರತಿ ಗುರುವಾರ ನಮ್ಮ ಮನೆಗಳಲ್ಲಿ ಜಪಸರದ ಬೆಳಕಿನ ರಹಸ್ಯಗಳನ್ನು ಹೇಳುತ್ತೇವೆ. 2002ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು ಅವನ್ನು ಧರ್ಮಸಭೆಗೆ ನೀಡುವುದಕ್ಕೆ ಬಹು ಮೊದಲೇ, 1957ರಲ್ಲಿ, ಮಾಲ್ಟಾದ ಗುರು ಜಾರ್ಜ್ ಪ್ರೇಕಾರವರು ಬೆಳಕಿನ ಐದು ರಹಸ್ಯಗಳನ್ನು ರಚಿಸಿದ್ದರು. 2007ರಲ್ಲಿ ಸಂತ ಪದವಿಗೇರಿದ ಅವರು ಆ ದೇಶದ ಪ್ರಥಮ ಸಂತರು. ಸಾಮಾನ್ಯ ಜನರಿಗೆ ಧರ್ಮೋಪದೇಶ ಕಲಿಸಲು 1907ರಲ್ಲಿ ಅವರು ಆರಂಭಿಸಿದ ಸಂಘದ ಹೆಸರು 'ಮ್ಯೂಸಿಯಂ'! ಜಗತ್ತೆಲ್ಲವೂ ಶುಭಸಂದೇಶವನ್ನು ಅನುಸರಿಸಲೆಂದು ಗುರುವಾದ ಪ್ರಭುವಿಗೆ ಮಾಡುವ ಲತೀನ್ ಬಿನ್ನಹದ ಮೊದಲ ಅಕ್ಷರಗಳು ಸೇರಿ ಆದ ಹೆಸರು ಅದು.

ದೇವಾಲಯಗಳು ವಸ್ತುಸಂಗ್ರಹಾಲಯಗಳಾಗುತ್ತಿವೆ ಎಂದು ನಾವು ದೂರುತ್ತೇವೆ. ಅವು ಹಾಗಾಗುವುದೂ ಆಗದಿರುವುದೂ ಒಳಗೆ ಕಾಲಿಡುವವರ ಕೈಯಲ್ಲಿದೆ. ಮಾಲ್ಟಾಕ್ಕೆ ಹೋಗುವವರು ಹತ್ತರ ಬದಲು ನಾಲ್ಕು ಸ್ಥಳಗಳನ್ನು ನೋಡಲಿ, ಆ ಜನರೊಡನೆ ಕುಳಿತು ಒಂದು ಬಲಿಪೂಜೆಯಲ್ಲಿ ಭಾಗವಹಿಸಲಿ. ಹೋಗಲಾಗದ ನಮ್ಮಂಥವರಿಗೂ ಅವರ ಬೆಂಕಿಯಿಂದ ಕಲಿಯುವುದಿದೆ: ಮಳೆಯಲ್ಲಿ ನೆನೆದು ನಮ್ಮ ಬಾಗಿಲಿಗೆ ಬಂದವನನ್ನು ಮೊದಲು ಒಳಗೆ ಕರೆಯೋಣ, ಹೆಸರನ್ನು ಆಮೇಲೆ ಕೇಳೋಣ.