ಹರ್ಪಿಸ್ ಸಂಶಯ: ಮೊದಲ ಡೋಸ್ ತಾಲ್ಲೂಕಿನಲ್ಲೇ ಆಗಲಿ

ನವಜಾತ ಶಿಶುಗಳಿಗೆ ಹರ್ಪಿಸ್ ತಗಲುವುದು ಅಪರೂಪ. ಜಾಗತಿಕ ಅಂದಾಜಿನಂತೆ ಲಕ್ಷ ಹೆರಿಗೆಗೆ ಹತ್ತರಷ್ಟು. ಆದರೆ ವೈರಸ್ ಯಕೃತ್ತು, ಶ್ವಾಸಕೋಶಗಳಿಗೆ ಹರಡಿದ ಮೇಲೆ ಚಿಕಿತ್ಸೆ ಸಿಗದಿದ್ದರೆ ನೂರರಲ್ಲಿ ಸುಮಾರು 85 ಕೂಸುಗಳು ಉಳಿಯುವುದಿಲ್ಲ. ಹೆಚ್ಚು ಪ್ರಮಾಣದ ಅಸೈಕ್ಲೊವಿರ್ ಕೊಟ್ಟಾಗ ಸಾವು 30ರ ಆಸುಪಾಸಿಗೆ ಇಳಿಯುತ್ತದೆ. ಔಷಧದ ಗುಣದ ಬಗ್ಗೆ ವೈದ್ಯರಲ್ಲಿ ಎರಡು ಮಾತಿಲ್ಲ. ಜಗಳವೆಲ್ಲ ಯಾವಾಗ ಶುರು ಮಾಡಬೇಕೆಂಬುದರ ಮೇಲೆ.

ಮೂರು ವಾರದೊಳಗಿನ ಕೂಸಿಗೆ ಜ್ವರ ಬಂದರೆ ಸಾಕು, ಆಂಟಿಬಯೋಟಿಕ್ ಜೊತೆಗೇ ಇದನ್ನೂ ಕೊಡಿ ಎನ್ನುವುದು ಒಂದು ಪಕ್ಷ. ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ, ಬಿಳಿ ರಕ್ತಕಣ ತಗ್ಗಿಸಬಲ್ಲ ಔಷಧವನ್ನು ಸೋಂಕೇ ಇಲ್ಲದ ನೂರಾರು ಕೂಸುಗಳಿಗೆ ಏರಿಸುವುದೇಕೆ ಎನ್ನುವುದು ಇನ್ನೊಂದು. ಎರಡೂ ವಾದ ಬೆಳೆದದ್ದು ಪಿಸಿಆರ್ ವರದಿ ಬೇಗ ಕೈಸೇರುವ ದೊಡ್ಡ ಆಸ್ಪತ್ರೆಗಳಲ್ಲಿ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಲೆಕ್ಕ ಬೇರೆ. ತಾಲ್ಲೂಕು ಮಟ್ಟದಲ್ಲಿ ಆಗುವುದು ಕೂಸನ್ನು ಬೆಚ್ಚಗಿಟ್ಟು, ಆಮ್ಲಜನಕ ಕೊಟ್ಟು, ವಿಜಯಪುರಕ್ಕೆ ಕಳಿಸುವುದು. ಮುದ್ದೇಬಿಹಾಳದಿಂದ ಅದು ಸುಮಾರು 80 ಕಿ.ಮೀ. ಈ ಸೋಂಕು ಹುಟ್ಟಿದ ದಿನವೇ ಮುಖ ತೋರಿಸುವುದು ಕಡಿಮೆ. ಎರಡನೇ ಮೂರನೇ ವಾರದಲ್ಲಿ, ಬಾಣಂತಿ ತವರಿನಲ್ಲಿದ್ದಾಗ, ಕೂಸು ಮೊಲೆ ಬಿಡುತ್ತದೆ, ಮಂಕಾಗುತ್ತದೆ, ಒಂದು ಕೈ ಅದುರತೊಡಗುತ್ತದೆ. ಹೆರಿಗೆಯ ದಾಖಲೆ ಇನ್ನೊಂದು ಊರಿನಲ್ಲಿರುತ್ತದೆ. 7, 14, 21ನೇ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕಣ್ಣಿಗೆ ಇದು ಬೀಳಬಹುದು. ಬಿದ್ದರೂ ‘ನಂಜು’ ಎಂದೇ ಬರೆಸಿಕೊಳ್ಳುತ್ತದೆ. ನಂಜಿಗೆ ಕೇಂದ್ರ ಸರ್ಕಾರ 2014ರಲ್ಲೇ ದಾರಿ ಮಾಡಿದೆ: ನಿಗದಿತ ಸಂದರ್ಭಗಳಲ್ಲಿ ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ) ಕೂಡ ಜೆಂಟಮೈಸಿನ್ ಎಂಬ ಆಂಟಿಬಯೋಟಿಕ್ ಚುಚ್ಚಬಹುದು. ಜೆಂಟಮೈಸಿನ್ ಈ ವೈರಸ್‌ನ ಕೂದಲೂ ಕೊಂಕಿಸದು.

ಹಾಗಾಗಿ ತಾಲ್ಲೂಕು ಆಸ್ಪತ್ರೆಯ ವೈದ್ಯರೇ, ವರದಿಗೆ ಕಾಯದೆ, ಅಸೈಕ್ಲೊವಿರ್‌ನ ಮೊದಲ ಡೋಸ್ ಕೊಡಬೇಕು. ಜ್ವರ ಬಂದ ಎಲ್ಲ ಕೂಸಿಗೂ ಅಲ್ಲ. ಫಿಟ್ಸ್, ನೀರುಗುಳ್ಳೆ, ಕಾರಣ ತಿಳಿಯದ ರಕ್ತಸ್ರಾವ, ಆಂಟಿಬಯೋಟಿಕ್‌ಗೆ ಬಗ್ಗದ ನಂಜು, ಇವುಗಳಲ್ಲಿ ಒಂದಿದ್ದರೂ ಸಾಕು. ಗುಳ್ಳೆ ಏಳಲಿ ನೋಡೋಣ ಎಂದು ಕೂರುವಂತಿಲ್ಲ; ಮೈತುಂಬ ಹರಡಿದ ಅನೇಕ ಕೂಸುಗಳಲ್ಲಿ ಗುಳ್ಳೆ ಏಳುವುದೇ ಇಲ್ಲ. ‘ತಾಯಿಗೆ ಹರ್ಪಿಸ್ ಇರಲಿಲ್ಲ’ ಎಂಬ ಉತ್ತರಕ್ಕೂ ಬೆಲೆಯಿಲ್ಲ. ಸೋಂಕು ತಗಲಿದ ಕೂಸುಗಳ ಬಹುಪಾಲು ತಾಯಂದಿರಿಗೆ ತಮ್ಮ ಸೋಂಕೇ ಗೊತ್ತಿರುವುದಿಲ್ಲ. ಅತ್ತೆಯ ಎದುರು, ವಾರ್ಡಿನ ಜನರ ನಡುವೆ ಬಾಣಂತಿಯನ್ನು ಆ ಪ್ರಶ್ನೆ ಕೇಳಿ ಚಿಕಿತ್ಸೆ ನಿರ್ಧರಿಸುವುದಂತೂ ವೈದ್ಯಕೀಯವೇ ಅಲ್ಲ. ತುಟಿಯಲ್ಲಿ ಗುಳ್ಳೆ ಎದ್ದ ನೆಂಟರ ಮುತ್ತಿನಿಂದಲೂ ಇದು ಬರಬಹುದು.

ಅಸೈಕ್ಲೊವಿರ್ ಇಂಜೆಕ್ಷನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ತಾಲ್ಲೂಕಿನ ಕಪಾಟಿನಲ್ಲಿ ಇಡದಿರಲು ನೆಪವಿಲ್ಲ. ಕೆ.ಜಿ.ಗೆ 20 ಮಿ.ಗ್ರಾಂನಂತೆ ಮೂರು ಕೆ.ಜಿ. ಕೂಸಿಗೆ 60 ಮಿ.ಗ್ರಾಂ, ಅಂದರೆ 250ರ ವಯಲ್‌ನಲ್ಲಿ ಕಾಲು ಭಾಗವೂ ಆಗದು. ಅದನ್ನು ತೆಳುವಾಗಿಸಿ ಒಂದು ತಾಸು ನಿಧಾನಕ್ಕೆ ಏರಿಸಬೇಕು. ಅವಸರಿಸಿದರೆ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ನಾಳದಿಂದ ಹೊರಗೆ ಸೋರಿದರೆ ಚರ್ಮ ಬೇಯುತ್ತದೆ. ಸಿರಿಂಜ್ ಪಂಪ್, ಕಣ್ಣಿಟ್ಟು ನೋಡುವ ನರ್ಸ್ ಇಲ್ಲದ ಕಡೆ ಕೂಸನ್ನು ಬೇಗ 108ಕ್ಕೆ ಹತ್ತಿಸುವುದೇ ಸರಿ.

ಶುರು ಮಾಡಿದ್ದನ್ನು ನಿಲ್ಲಿಸುವ ಧೈರ್ಯವೂ ಬೇಕು. ವಿಜಯಪುರದಲ್ಲಿ ಬೆನ್ನಿನ ನೀರು, ರಕ್ತ, ಕಣ್ಣು-ಬಾಯಿಯ ಸ್ವಾಬ್ ಪಿಸಿಆರ್‌ಗೆ ಹೋಗಬೇಕು. ಎಲ್ಲ ನೆಗೆಟಿವ್ ಬಂದು, ಸಂಶಯಕ್ಕೆ ಬೇರೆ ಕಾರಣ ಉಳಿಯದಿದ್ದರೆ ಔಷಧ ನಿಲ್ಲಬೇಕು. ಖಚಿತವಾದರೆ ಚರ್ಮ, ಕಣ್ಣು, ಬಾಯಿಯ ಸೋಂಕಿಗೆ 14 ದಿನ, ಮಿದುಳಿಗೆ ಅಥವಾ ಮೈತುಂಬ ಹರಡಿದ್ದಕ್ಕೆ ಕನಿಷ್ಠ 21 ದಿನ, ಆಮೇಲೆ ಆರು ತಿಂಗಳು ಬಾಯಿ ಮೂಲಕ. ಆ ಆರು ತಿಂಗಳ ಔಷಧ ಒದಗಿಸುವುದು, ಬಿಳಿ ರಕ್ತಕಣ ಎಣಿಸುವುದು ಮತ್ತೆ ತಾಲ್ಲೂಕು ಆಸ್ಪತ್ರೆಯ ಪಾಲಿಗೇ ಬರುವ ಕೆಲಸ.