ಬೆನ್ನಿಗೂ ಒಬ್ಬರು ಮೇಷ್ಟರು

ಮಕ್ಕಳೇ, ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ಸುಮಾರು 42 ಅಡಿ ಎತ್ತರದ ಕಲ್ಲಿನ ಕಂಬವೊಂದಿದೆ. ನೋಡಿದ್ದೀರಾ? ಅದನ್ನು ನೆಲದಲ್ಲಿ ಹೂತಿಲ್ಲ. ಕಟ್ಟೆಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ನಮ್ಮ ಬೆನ್ನುಮೂಳೆಯೂ ಹಾಗೆಯೇ ನಿಂತಿದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಜಾತ್ರೆಯ ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಎಳೆದು ಹಿಡಿದಿರುತ್ತವಲ್ಲ, ಬೆನ್ನುಮೂಳೆಯನ್ನು ಹೊಟ್ಟೆ, ಬೆನ್ನು, ಪಕ್ಕೆ, ಸೊಂಟದ ಸ್ನಾಯುಗಳು ಹಾಗೆ ಹಿಡಿದಿರುತ್ತವೆ. ಎಳೆಗೂಸಿನ ಬೆನ್ನಿನಲ್ಲಿ 33 ಮೂಳೆಗಳು. ಬೆಳೆಯುತ್ತಾ ಕೆಳಗಿನ ಕೆಲವು ಕೂಡಿಕೊಂಡು ದೊಡ್ಡವರಲ್ಲಿ 26 ಆಗುತ್ತವೆ. ಹಗ್ಗ ಸಡಿಲವಾದರೆ ಡೇರೆ ವಾಲುವುದು ಸಹಜ ತಾನೇ?

ನನಗೀಗ 68. ಅರಸೀಕೆರೆಯಲ್ಲಿ ಮನೆ, ಹಿತ್ತಿಲಲ್ಲಿ ನಾಲ್ಕು ತೆಂಗಿನ ಮರ. ಕಳೆದ ವರ್ಷ ಸೊಂಟದ ನೋವು ಶುರುವಾಗಿ ಐದು ತಿಂಗಳಾದರೂ ಹೋಗಲಿಲ್ಲ. ನೋವಿಗಿಂತ ಭಯವೇ ದೊಡ್ಡದಾಯಿತು. ಬಿದ್ದ ಕಾಯಿ ಎತ್ತಲು ಬಗ್ಗುವುದು ನಿಂತಿತು. ಮೊಮ್ಮಗಳನ್ನು ಸ್ಕೂಲಿಗೆ ಬಿಡಲು ಹೋಗುವುದೂ ನಿಂತಿತು. ಮನೆಯಲ್ಲಿ ಹಳೇಬೀಡಿಗೆ ಹೋಗುವ ಮಾತು ಬಂದಾಗ, "ತಾತನಿಗೆ ಆಗಲ್ಲ, ಮನೇಲೇ ಇರಲಿ" ಎಂದು ಯಾರೋ ಮೆಲ್ಲಗೆ ಹೇಳಿದ್ದು ಕಿವಿಗೆ ಬಿತ್ತು. ಹಿರಿಯರೇ, ಆ ಮಾತು ಎಷ್ಟು ಚುಚ್ಚುತ್ತದೆ ಎಂದು ನಿಮಗೆ ಗೊತ್ತು.

ಹಲಗೆಯ ಮೇಲೆ ಅಲುಗಾಡದೆ ಮಲಗಿ ಎಂದು ನಮ್ಮ ಕಡೆ ಹೇಳುವುದುಂಟು. ಡಾಕ್ಟರು ಬೇರೆಯೇ ಹೇಳಿದರು. ಕಾಲಿನ ಬಲ, ಸ್ಪರ್ಶ ಎಲ್ಲ ಪರೀಕ್ಷಿಸಿ, "ಅಪಾಯದ್ದೇನೂ ಕಾಣುತ್ತಿಲ್ಲ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ವ್ಯಾಯಾಮ ಶುರು ಮಾಡಿ, ಆದರೆ ನೋಡಿಕೊಳ್ಳುವವರ ಎದುರಿಗೆ" ಎಂದರು. ವಾರಕ್ಕೆ ಎರಡು ದಿನ, ಆರು ವಾರ ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಫಿಸಿಯೋಥೆರಪಿಸ್ಟ್ ನನ್ನ ಮಗಳ ವಯಸ್ಸಿನವರು. ಮೊದಲ ದಿನ ವ್ಯಾಯಾಮ ಮಾಡಿಸಲೇ ಇಲ್ಲ. ಕುರ್ಚಿಯಿಂದ ಹೇಗೆ ಏಳುತ್ತೇನೆ, ಹೇಗೆ ನಡೆಯುತ್ತೇನೆ, ಎಷ್ಟು ಬಗ್ಗಬಲ್ಲೆ ಎಂದು ನೋಡಿ ಬರೆದುಕೊಂಡರು. ಆಮೇಲೆ ಮೂರೇ ಮೂರು ಪಾಠ. ಅಂಗಾತ ಮಲಗಿ ಮಂಡಿ ಮಡಿಸಿ, ಸೊಂಟವನ್ನು ಮೆಲ್ಲಗೆ ನೆಲಕ್ಕೆ ಒತ್ತುವುದು. ಹಾಗೇ ಮಲಗಿ ಸೊಂಟವನ್ನು ತುಸು ಮೇಲಕ್ಕೆತ್ತಿ ಇಳಿಸುವುದು. ಕೈ, ಮಂಡಿ ಊರಿ ಅಂಬೆಗಾಲಿನ ಭಂಗಿಯಲ್ಲಿ ನಿಂತು ಒಂದು ಕಾಲನ್ನು ಹಿಂದಕ್ಕೆ ಚಾಚುವುದು. ಇದರ ಜೊತೆಗೆ ದಿನಾ ಹತ್ತು ನಿಮಿಷ ನಡಿಗೆ.

"ಇಷ್ಟೇನಾ?" ಎಂದೆ. "ಇಷ್ಟನ್ನೇ ಸರಿಯಾಗಿ ಮಾಡಿ ಮೇಷ್ಟ್ರೇ, ಆಮೇಲೆ ಹೆಚ್ಚಿಸೋಣ" ಎಂದರು. ನಲವತ್ತು ವರ್ಷ ಮಕ್ಕಳಿಗೆ ನಾನು ಹೇಳಿದ ಮಾತೇ ಅದು!

ಎದುರಿಗೆ ಒಬ್ಬರಿದ್ದರೆ ಏನು ಲಾಭ? ಉಸಿರು ಬಿಗಿಹಿಡಿದರೆ, ಸೊಂಟ ಒಂದು ಕಡೆಗೆ ವಾಲಿದರೆ ಅವರಿಗೆ ಆ ಕ್ಷಣವೇ ತಿಳಿಯುತ್ತದೆ. ನಮಗೆ ತಿಳಿಯುವುದಿಲ್ಲ. ಇವತ್ತು ಐದು ಸಲವೋ ಎಂಟು ಸಲವೋ ಎಂದು ಅವರು ನಿರ್ಧರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಲ್ಪ ನೋವಾದರೆ ಬೆನ್ನು ಮುರಿಯಿತು ಎಂದು ಅರ್ಥವಲ್ಲ ಎಂಬ ಧೈರ್ಯ ಅವರಿಂದ ಬರುತ್ತದೆ. ಮಾಡಿದ ಮೇಲೆ ತುಸು ನೋವಾಗಿ ಕಡಿಮೆಯಾದರೆ ಚಿಂತೆಯಿಲ್ಲ, ಮಾರನೆಯ ದಿನಕ್ಕೂ ಹೆಚ್ಚಾಗೇ ಉಳಿದರೆ ಲೆಕ್ಕ ಇಳಿಸಬೇಕು ಎಂದು ಹೇಳಿಕೊಟ್ಟರು.

ಇದು ನಮ್ಮೊಬ್ಬರ ಪಾಡಲ್ಲ. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಹುಕಾಲದ ಸೊಂಟನೋವಿಗೆ 2023ರ ಡಿಸೆಂಬರಿನಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೂ ರೋಗಿಗೆ ತಿಳಿವಳಿಕೆ ಕೊಡುವುದಕ್ಕೂ ಜಾಗವಿದೆ. ಸೊಂಟಕ್ಕೆ ಬೆಲ್ಟ್ ಕಟ್ಟುವುದು, ಎಳೆತದ ಚಿಕಿತ್ಸೆ ಇವು ವಾಡಿಕೆಯಾಗಿ ಬೇಡ ಎಂದಿದೆ.

ಆರು ವಾರ ಮುಗಿದ ಮೇಲೆ ಮನೆಯಲ್ಲಿ ಮುಂದುವರಿಸಿದೆ. ಮೊಮ್ಮಗಳದೇ ಲೆಕ್ಕ. "ತಾತ, ನೀನೂ ಜೋರಾಗಿ ಎಣಿಸು" ಎನ್ನುತ್ತಾಳೆ. ಬಾಯಿಬಿಟ್ಟು ಎಣಿಸುವಾಗ ಉಸಿರು ಕಟ್ಟುವುದಿಲ್ಲ, ಅದೂ ಒಂದು ಉಪಾಯ. ಬೆಳಗ್ಗೆ ಏಳುವಾಗ ಸೊಂಟ ಈಗಲೂ ಹಿಡಿದಂತಾಗುತ್ತದೆ. ಆದರೆ ಭಯ ಇಲ್ಲ. ಜನವರಿಯಲ್ಲಿ ಬಾಣಾವರ, ಜಾವಗಲ್ ದಾಟಿ ಎಲ್ಲರೂ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರದ ಗೋಡೆಯ ತೀರಾ ಕೆಳಗಿನ ಸಾಲಿನಲ್ಲಿ ಆನೆಗಳಿವೆಯಲ್ಲ, ಮಂಡಿ ಮಡಿಸಿ ಕುಳಿತು ಅವನ್ನು ಮೊಮ್ಮಗಳ ಜೊತೆ ನೋಡಿದೆ. ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡೆ, ಅಷ್ಟೆ.

ಹಿರಿಯರೇ, ನನ್ನ ಮೂರು ಪಾಠ ನಿಮ್ಮ ಬೆನ್ನಿಗೆ ಹೊಂದದಿರಬಹುದು. ಮೊದಲು ಡಾಕ್ಟರಿಗೆ ತೋರಿಸಿ. ಕಾಲು ಸೋಲುವುದು, ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಬಂದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡಬೇಡಿ.

ಮಕ್ಕಳೇ, ನಿಮಗೂ ಕೆಲಸವಿದೆ. ಅಜ್ಜ ಅಜ್ಜಿ ವ್ಯಾಯಾಮ ಮಾಡುವಾಗ ಪಕ್ಕದಲ್ಲಿ ಕೂತು ಎಣಿಸಿ. ನಗಬೇಡಿ. ನಕ್ಕರೂ ಎಣಿಕೆ ತಪ್ಪಿಸಬೇಡಿ.